ಹದಿಮೂರು ದಿನದ ಬಾವುಟ

(ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿ ನಡೆದ ನಮ್ಮ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಬೆಳ್ಳಾರೆ ಕಡೆ ಮಕ್ಕಳು ಗಲಾಟೆ ಮಾಡಿದರೆ ಅಜ್ಜಿ, "ಎಂಥದಾ ಇದು, ಕಲ್ಯಾಣಪ್ಪನ ಕಾಟಕಾಯಿ!" ಅಂತ ಬೈಯುತ್ತಿದ್ದರು. ಕಾಟಕಾಯಿ ಅಂದರೆ ಉಪದ್ರ, ದಾಂಧಲೆ. ಆ ಕಲ್ಯಾಣಪ್ಪ ಯಾರು ಅಂತ ನಾನು ತಿಳಿದುಕೊಂಡದ್ದು ದೊಡ್ಡವನಾದ ಮೇಲೆ.

1834ರಲ್ಲಿ ಕಂಪನಿ ಸರಕಾರ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಕಂಪನಿ ಮಾತ್ರ ನಗದೇ ಬೇಕು ಅಂದಿತು. ಗದ್ದೆಯವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ಸಾಲ. ಸಾಲದ ಬಿಸಿ ಎಂಥದು ಅಂತ ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ವೀಸಾಕ್ಕೆ ಸಾಲ ಮಾಡಿ ವಿಮಾನ ಹತ್ತಿದವರೇ ಇಲ್ಲಿ ಹೆಚ್ಚು.

ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರು ಜನ ಸೇರಿಸಿದರು. ರೈತನಾದ ಪುಟ್ಟಬಸಪ್ಪನಿಗೆ ಅರಸು ಮನೆತನದ ಕಲ್ಯಾಣಸ್ವಾಮಿ ಅನ್ನುವ ಹೆಸರಿಟ್ಟು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಪುತ್ತೂರು, ಬಂಟ್ವಾಳ ದಾಟಿತು. ದಾರಿಯುದ್ದಕ್ಕೂ ಜನ ಸೇರಿಕೊಂಡರು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಜೊತೆಯಾದ. 1837ರ ಏಪ್ರಿಲ್ 5ರಂದು ಮಂಗಳೂರು ಕೈಗೆ ಬಂತು. ಅಧಿಕಾರಿಗಳು ಕಡಲ ದಾರಿ ಹಿಡಿದು ಓಡಿದರು. ಗುಡ್ಡೆಯ ಮೇಲೆ ಕಂಪನಿಯ ಬಾವುಟ ಇಳಿಯಿತು, ಇವರದು ಏರಿತು. ನಾವು ಬಸ್ಸಿನಲ್ಲಿ "ಬಾವುಟಗುಡ್ಡೆ ಒಂದು" ಅಂತ ಟಿಕೆಟ್ ಕೇಳ್ತೇವಲ್ಲ, ಅದೇ ಜಾಗ.

ಹದಿಮೂರು ದಿನ, ಅಷ್ಟೇ. ತಲಶ್ಶೇರಿ, ಕಣ್ಣೂರು ಕಡೆಯಿಂದ ಪಡೆ ಬಂತು. ಕೊಡಗಿನಲ್ಲೇ ಕೆಲವು ದಿವಾನರು ಕಂಪನಿಯ ಪರ ನಿಂತರು. ಹಾಗೆ ನಿಂತವರಿಗೆ ಆಮೇಲೆ ಚಿನ್ನ, ಬೆಳ್ಳಿಯ ಪದಕ ಸಿಕ್ಕಿತು. ಕಲ್ಯಾಣಸ್ವಾಮಿ, ಬಂಗರಸ ಮೊದಲಾದವರಿಗೆ ಬಿಕರ್ನಕಟ್ಟೆಯಲ್ಲಿ ನೇಣು. ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಅಪ್ಪಯ್ಯಗೌಡರಿಗೆ ನೇಣು.

ಸೋತವರಿಗೆ ಉಳಿದದ್ದು ಒಂದು ಬೈಗಳ ಮಾತು. ನನಗೆ ನೋವಾಗುವುದು ಇಲ್ಲೇ. ಕಂದಾಯ ಕಟ್ಟಲಾಗದೆ ಎದ್ದ ನಮ್ಮದೇ ಜನರ ಹೋರಾಟವನ್ನು ನಾವೇ "ಕಾಟಕಾಯಿ" ಅಂದುಕೊಂಡು ಬಂದೆವು. ಅಜ್ಜಿಯನ್ನು ದೂರುವುದಿಲ್ಲ; ಕಿವಿಗೆ ಬಿದ್ದದ್ದನ್ನು ಅವರು ಹೇಳಿದರು. ಶಾಲೆಗೆ ಹೋದ ನಾನು ಕೇಳಬೇಕಿತ್ತು.

2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ಎದ್ದಿದೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಮಾಲ್‌ಗೆ ಹೋಗುವ ಮೊದಲು ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ. ಸಾಧ್ಯವಾದರೆ ಬಿಕರ್ನಕಟ್ಟೆಯಲ್ಲೂ ಎರಡು ನಿಮಿಷ ನಿಲ್ಲಿ. ಇದು ಕಾಟಕಾಯಿ ಅಲ್ಲ ಮಗಾ, ಅಂತ ಹೇಳಿ.

ಜೈ ಕರ್ನಾಟಕ.