ಕನಕದಾಸರ ಬಾಳೆಹಣ್ಣು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಒಂದು ರಿಲೀಸ್ ಹಿಂದಿನ ರಾತ್ರಿ ಮ್ಯಾನೇಜರ್ ಹೇಳಿದ್ರು, "ಟೆಸ್ಟ್ ಎಲ್ಲಾ ಪಾಸ್ ಅಂತ ಹಾಕಿಬಿಡಿ." ನಾಲ್ಕು ಟೆಸ್ಟ್ ನಡೆಸಿರಲೇ ಇಲ್ಲ. ಆದರೆ ನನ್ನ ಪ್ರಮೋಷನ್ ಅವರ ಕೈಯಲ್ಲಿತ್ತು, ಹಾಕಿಬಿಟ್ಟೆ. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ.

ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚೋಕೆ ಕೈ ಏಳಲಿಲ್ಲ. ಕನಕದಾಸರ ಕಥೆ ನಿಮಗೆ ಗೊತ್ತಿದೆ: ಯಾರೂ ನೋಡದ ಕಡೆ ತಿನ್ನಿ ಅಂತ ವ್ಯಾಸರಾಯರು ಕೊಟ್ಟ ಬಾಳೆಹಣ್ಣನ್ನು ಅವರೊಬ್ಬರೇ ವಾಪಸ್ ತಂದ್ರು. ದೇವರು ನೋಡದ ಜಾಗ ಸಿಗಲಿಲ್ಲ. ಚಿಕ್ಕಂದಿನಲ್ಲಿ ಅದು ಹೆದರಿಕೆಯ ಕಥೆ ಅನ್ನಿಸುತ್ತಿತ್ತು. ಅವತ್ತು ಧೈರ್ಯ ಕೊಟ್ಟಿತು: ಅವನೊಬ್ಬ ಮೆಚ್ಚಿದರೆ ಸಾಕು, ಉಳಿದವರ ಮುಖ ನೋಡಬೇಕಿಲ್ಲ.

ತಂಡಕ್ಕೆಲ್ಲ ನಿಜ ಬರೆದು ಮೇಲ್ ಹಾಕಿದೆ. ರಿಲೀಸ್ ಎರಡು ದಿನ ತಡವಾಯ್ತು. ಆ ವರ್ಷ ಪ್ರಮೋಷನ್ ಬರಲಿಲ್ಲ. ದೀಪ ಮಾತ್ರ ದಿನಾ ಹಚ್ಚುತ್ತೇನೆ.