ಸತ್ತವನು ಹೇಳಿದ ಕಥೆ



ಇವತ್ತಿನ ಮಾತು ಸಿನಿಮಾದ್ದು, ಆದರೆ ಅದರಲ್ಲಿ ರೇಡಿಯೋದ ಪಾಲೂ ಇದೆ. ಚಿತ್ರ ಶುರುವಾಗುತ್ತಿದ್ದಂತೆ ಯಾರದೋ ದನಿ ಕೇಳಿಸುತ್ತದೆ, ಹಿಂದೆಯೇ ಹಳೆಯ ಕಾಲ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಹಿನ್ನೆಲೆ ನಿರೂಪಣೆ, ಫ್ಲ್ಯಾಶ್‌ಬ್ಯಾಕ್ ಎರಡೂ ಜೊತೆಯಾದದ್ದು ಹೇಗೆ?

ಫ್ಲ್ಯಾಶ್‌ಬ್ಯಾಕ್ ಮೊದಲಿನದು. 1920ರ ಜರ್ಮನ್ ಮೂಕಿಚಿತ್ರ ‘ಕ್ಯಾಲಿಗರಿ’ಯಲ್ಲೇ ತರುಣನೊಬ್ಬ ಬೆಂಚಿನ ಮೇಲೆ ಕೂತು ನಡೆದದ್ದನ್ನು ಹೇಳತೊಡಗುತ್ತಾನೆ. ದನಿ ಮಾತ್ರ ಇಲ್ಲ. ಟಾಕಿ ಬಂದ ಮೇಲೆ, 1933ರಲ್ಲಿ, ‘ದಿ ಪವರ್ ಅಂಡ್ ದಿ ಗ್ಲೋರಿ’ ಶವಸಂಸ್ಕಾರದಿಂದ ಆರಂಭವಾಗಿ, ಸತ್ತವನ ಬದುಕನ್ನು ಗೆಳೆಯನ ಬಾಯಲ್ಲಿ ಹೇಳಿಸಿತು.

1938ರಲ್ಲಿ ಆರ್ಸನ್ ವೆಲ್ಸ್ ಅಮೆರಿಕದ ರೇಡಿಯೋದಲ್ಲಿ ನಾಟಕಮಾಲೆಯೊಂದನ್ನು ಶುರುಮಾಡಿದರು. ಅದಕ್ಕೆ ಮೊದಲು ಇಟ್ಟ ಹೆಸರು ನಮ್ಮ ವ್ಯಾಕರಣದ ಮಾತಿನಲ್ಲಿ ‘ಉತ್ತಮ ಪುರುಷ, ಏಕವಚನ’. ಅಂದರೆ ಕಥೆ ಹೇಳುವುದು ‘ನಾನು’. ಅದೇ ವರ್ಷದ ಕೊನೆಗೆ ಅವರು ‘ರೆಬೆಕಾ’ ಕಾದಂಬರಿಯನ್ನೂ ರೇಡಿಯೋಗೆ ತಂದರು. 1940ರಲ್ಲಿ ಹಿಚ್‌ಕಾಕ್ ಅದನ್ನೇ ಸಿನಿಮಾ ಮಾಡಿದಾಗ, ಪಾಳುಬಿದ್ದ ಮನೆಗೆ ಕನಸಿನಲ್ಲಿ ಮರಳುವ ನಾಯಕಿಯ ದನಿಯೇ ಮೊದಲು ಕೇಳಿಸಿತು. ಸಿನಿಮಾ ಈ ‘ನಾನು’ವನ್ನು ಬಹುಪಾಲು ರೇಡಿಯೋದಿಂದಲೇ ಕಲಿಯಿತು ಎಂಬುದು ನನ್ನ ನಂಬಿಕೆ.

ನಿರ್ದೇಶಕ ಬಿಲ್ಲಿ ವೈಲ್ಡರ್ ಅದನ್ನು ದುಡಿಸಿಕೊಂಡಷ್ಟು ಚೆನ್ನಾಗಿ ಇನ್ನಾರೂ ದುಡಿಸಿಕೊಳ್ಳಲಿಲ್ಲ. ‘ಡಬಲ್ ಇಂಡೆಮ್ನಿಟಿ’ (1944) ನೆನಪಿಸಿಕೊಳ್ಳಿ. ನಡುರಾತ್ರಿ, ಖಾಲಿ ಆಫೀಸು. ಗುಂಡೇಟು ತಿಂದ ವಿಮಾ ಏಜೆಂಟ್ ಬೆವರುತ್ತ ಕುಳಿತು, ಧ್ವನಿಮುದ್ರಣ ಯಂತ್ರಕ್ಕೆ ತಪ್ಪೊಪ್ಪಿಗೆ ಹೇಳುತ್ತಾನೆ. ಕೊಂದವನು ಯಾರೆಂದು ಆಗಲೇ ಗೊತ್ತಾಯಿತು. ಆದರೂ ನಾವು ಕುರ್ಚಿ ಬಿಟ್ಟೇಳುವುದಿಲ್ಲ. ಹೇಗಾಯಿತು, ಯಾಕಾಯಿತು ಎಂಬುದೇ ಈಗ ಕುತೂಹಲ.

1950ರ ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ ಮಾತಾಡುವವನು ಸತ್ತವನೇ. ಮೊದಲು ಚಿತ್ರೀಕರಿಸಿದ ಆರಂಭದಲ್ಲಿ ಶವಾಗಾರದ ಹೆಣಗಳು ಪರಸ್ಪರ ಮಾತಾಡುತ್ತಿದ್ದವು. ಪೂರ್ವಪ್ರದರ್ಶನದಲ್ಲಿ, ಹೆಣದ ಕಾಲ್ಬೆರಳಿಗೆ ಚೀಟಿ ಕಟ್ಟುವಾಗ ಜನ ನಕ್ಕುಬಿಟ್ಟರು. ವೈಲ್ಡರ್ ಅದನ್ನು ಕಿತ್ತೆಸೆದು, ಈಜುಕೊಳದಲ್ಲಿ ಬೋರಲಾಗಿ ತೇಲುವ ದೇಹದಿಂದ ಶುರುಮಾಡಿದರು. ಕೊಳದ ತಳದಲ್ಲಿ ಕನ್ನಡಿಯಿಟ್ಟು, ಅದರೊಳಗಿನ ಬಿಂಬವನ್ನು ಮೇಲಿನಿಂದ ಸೆರೆಹಿಡಿದದ್ದರಿಂದ ಸತ್ತವನ ಮುಖವೂ, ದಡದಲ್ಲಿ ನಿಂತ ಪೊಲೀಸರೂ ಒಟ್ಟಿಗೆ ಕಾಣುತ್ತಾರೆ.

ಹಿಂದಿಯಲ್ಲಿ ನಿರೂಪಕನ ದನಿಯ ಕೆಲಸವನ್ನು ಹಾಡು ಮಾಡಿತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್, ಮೈಸೂರಿನ ವಿ. ಕೆ. ಮೂರ್ತಿ ಅವರ ಕ್ಯಾಮೆರಾ, 1959ರ ‘ಕಾಗಜ್ ಕೆ ಫೂಲ್’. ಮುದಿ ನಿರ್ದೇಶಕ ತನ್ನ ಹಳೆಯ ಸ್ಟುಡಿಯೋ ಹೊಕ್ಕಾಗ ಅವನು ತುಟಿ ಬಿಚ್ಚುವುದಿಲ್ಲ. ರಫಿಯ ದನಿ ನಮ್ಮನ್ನು ಹಿಂದಕ್ಕೆ ಒಯ್ಯುತ್ತದೆ.

ನಮ್ಮ ‘ಕೆಜಿಎಫ್’ (2018) ಈ ಮನೆತನದ್ದೇ. ಪತ್ರಕರ್ತ ಆನಂದ್ ಇಂಗಳಗಿ ಟಿವಿ ಸಂದರ್ಶನದಲ್ಲಿ ಕಥೆ ಹೇಳುತ್ತಾರೆ; ಆ ದನಿ ಅನಂತ್ ನಾಗ್ ಅವರದು. ಏರಿಸದೆ, ಅವಸರಪಡದೆ ಆಡಿದ ಮಾತಿನಿಂದಲೇ ನಾಯಕ ರಾಕಿಯ ಅಬ್ಬರಕ್ಕೆ ದಂತಕಥೆಯ ತೂಕ ಬಂತು. 2022ರ ಎರಡನೇ ಭಾಗದಲ್ಲಿ ಇಂಗಳಗಿಯ ಮಗನ ಪಾತ್ರದ ಪ್ರಕಾಶ್ ರಾಜ್ ಕಥೆ ಮುಂದುವರಿಸಿದರು. ಆ ಹೊಸ ದನಿಗೆ ನನ್ನ ಕಿವಿ ಒಗ್ಗಲು ಸ್ವಲ್ಪ ಹೊತ್ತೇ ಹಿಡಿಯಿತು.