ಕೆರಿಬಿಯನ್ ಕಡಲಿಗೆ ಹೊರಡುವ ಮುನ್ನ

ಮೆಕ್ಸಿಕೋದ ಪೂರ್ವ ಅಂಚಿನಲ್ಲಿ, ಕೆರಿಬಿಯನ್ ಕಡಲಿಗೆ ಮುಖ ಮಾಡಿಕೊಂಡು ಪ್ಲಾಯಾ ಡೆಲ್ ಕಾರ್ಮೆನ್ ಎಂಬ ಊರಿದೆ. ಕೆಲವು ದಶಕಗಳ ಹಿಂದೆ ಅದು ಮೀನುಗಾರರ ಸಣ್ಣ ಹಳ್ಳಿ. ಈಗ ದಡದುದ್ದಕ್ಕೂ ರೆಸಾರ್ಟುಗಳು. ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರು ಮೆಕ್ಸಿಕೋ ವೀಸಾ ಇಲ್ಲದೆಯೇ ಅಲ್ಲಿಗೆ ಹೋಗಬಹುದು. ಹಾಗಾಗಿ ಅಮೆರಿಕದಲ್ಲಿರುವ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಹೋದ ಅಪ್ಪ ಅಮ್ಮಂದಿರಿಗೂ ಇದು ಕೈಗೆಟಕುವ ತಾಣ.

ರಜೆ ಎಂದೊಡನೆ ನಾವು ಹೋಟೆಲ್ ಹುಡುಕಲು ಕೂರುತ್ತೇವೆ. ಇಲ್ಲಿ ಮಾತ್ರ ಮೊದಲು ತಿಂಗಳನ್ನು ಆರಿಸಿಕೊಳ್ಳಿ. ಕಾರಣ, ಸರ್ಗಾಸಮ್ ಎಂಬ ಕಂದುಬಣ್ಣದ ತೇಲುವ ಕಡಲಪಾಚಿ. 2011ರಿಂದೀಚೆಗೆ ಇದು ಅಟ್ಲಾಂಟಿಕ್ ಸಾಗರದಲ್ಲಿ ವಿಪರೀತವಾಗಿ ಬೆಳೆದು, ನೀರಿನ ಸೆಳೆತಕ್ಕೂ ಗಾಳಿಗೂ ಸಿಕ್ಕಿ ಈ ದಡಕ್ಕೆ ಬಂದು ಬೀಳುತ್ತಿದೆ. ಒಂದು ಎಸಳನ್ನು ಕೈಗೆತ್ತಿಕೊಂಡರೆ ಎಲೆಗಳ ನಡುವೆ ಮೆಣಸಿನಕಾಳಿನಂಥ ಗಾಳಿಗುಳ್ಳೆಗಳು ಕಾಣುತ್ತವೆ. ಪಾಚಿಯನ್ನು ತೇಲಿಸುವುದು ಅವೇ. ದಡದಲ್ಲಿ ರಾಶಿಬಿದ್ದು ಕೊಳೆತರೆ ಕೆಟ್ಟ ಮೊಟ್ಟೆಯ ನಾತ, ಅಂಚಿನ ನೀರೆಲ್ಲ ಕಂದು. ಬೆಳಗಿನ ಹೊತ್ತು ಕೆಲಸಗಾರರು ಅದನ್ನು ಬಳಿದು ತಳ್ಳುಗಾಡಿಗೆ ತುಂಬುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಅಷ್ಟೇ ಬಂದಿರಬಹುದು. ಬಿಸಿಲಿನಲ್ಲಿ ಬೆನ್ನು ಬಗ್ಗಿಸುವ ಆ ಜನರಿಂದಲೇ ನಮ್ಮ ರಜೆ ನಡೆಯುವುದು.

ಸಾಮಾನ್ಯವಾಗಿ ಮಾರ್ಚ್-ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪಾಚಿಯ ಕಾಟ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. 2005ರ ಅಕ್ಟೋಬರ್‌ನಲ್ಲಿ ವಿಲ್ಮಾ ಎಂಬ ಚಂಡಮಾರುತ ಈ ಕರಾವಳಿಯನ್ನು ಬಿಡದೆ ಬಡಿದು ಹೋಯಿತು. ಎರಡೂ ಬಹುಮಟ್ಟಿಗೆ ತಪ್ಪುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಕ್ರಿಸ್‌ಮಸ್ ವಾರದ ದರ ಮಾತ್ರ ವಿಪರೀತ. ನನ್ನನ್ನು ಕೇಳಿದರೆ ಜನವರಿಯ ನಡುವೆ ಹೋಗಿ.

ಮಕ್ಕಳ ಶಾಲೆಯ ರಜೆಯಿಂದಾಗಿ ಬೇಸಿಗೆಯಲ್ಲೇ ಹೋಗಬೇಕಾದವರು ಕಂಗೆಡಬೇಕಿಲ್ಲ. ಎದುರಿಗೇ ಕೊಸುಮೆಲ್ ದ್ವೀಪವಿದೆ, ದೋಣಿಯಲ್ಲಿ ಮುಕ್ಕಾಲು ಗಂಟೆ. ಪಾಚಿ ಬರುವುದು ಪೂರ್ವದಿಂದ. ದ್ವೀಪವೇ ಅಡ್ಡ ನಿಲ್ಲುವುದರಿಂದ ಅದರ ಪಶ್ಚಿಮ ದಡ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಇನ್ನೊಂದು ದಾರಿ, ಸೆನೋಟೆಗಳು. ಈ ಊರಿರುವ ಯುಕಾಟಾನ್ ಪ್ರದೇಶದ ನೆಲ ಸುಣ್ಣಕಲ್ಲಿನದು. ಮಳೆನೀರು ಇಂಗಿ ಒಳಗೇ ಹರಿಯುತ್ತದೆ, ಮೇಲೆ ನದಿಗಳೇ ಇಲ್ಲವೆನ್ನಬೇಕು. ನೆಲದಡಿಯ ಗುಹೆಗಳ ಛಾವಣಿ ಕುಸಿದ ಕಡೆ ತಣ್ಣನೆಯ ಸಿಹಿನೀರಿನ ಮಡುಗಳು ತೆರೆದುಕೊಂಡಿವೆ; ಇವೇ ಸೆನೋಟೆಗಳು. ಮೈಗೆ ಹಚ್ಚಿದ ಸನ್‌ಸ್ಕ್ರೀನ್ ತೊಳೆದುಕೊಂಡೇ ಇಳಿಯಬೇಕು; ಆ ಅಂತರ್ಜಲವೇ ಸುತ್ತಲಿನವರ ಜೀವಜಲ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಬೇಯಿಸಿದ ಕಾಳಿನ ಪಲ್ಯಕ್ಕೂ ಅಲ್ಲಿ ಹಂದಿಕೊಬ್ಬು ಹಾಕುವುದುಂಟು. 'ಸಿನ್ ಮಾಂತೇಕಾ', ಕೊಬ್ಬು ಬೇಡ, ಎಂದು ಮೊದಲೇ ಹೇಳಿಬಿಡಿ.

ಕಡೆಯದಾಗಿ ವಸತಿ. ಮೆಕ್ಸಿಕೋದ ಕಾನೂನಿನ ಪ್ರಕಾರ ಕಡಲತೀರ ರಾಷ್ಟ್ರದ ಸ್ವತ್ತು. ಮರಳಿನ ಮೇಲೆ ಯಾವ ಹೋಟೆಲಿಗೂ ಒಡೆತನವಿಲ್ಲ. ಹಾಗಾಗಿ ದಡದ ರೆಸಾರ್ಟಿನ ದುಬಾರಿ ಕೋಣೆಯೇ ಬೇಕೆಂದಿಲ್ಲ. ಎರಡು ಬೀದಿ ಒಳಗೆ ಉಳಿದುಕೊಂಡು, ಸಾರ್ವಜನಿಕ ದಾರಿಯಿಂದ ನಡೆದುಹೋಗಿ ಅದೇ ಕಡಲಿಗೆ ಇಳಿಯಬಹುದು.